ಪುಟಕಿ ಹಾಕದ ಗಂಟು

ಮಕ್ಕಳೇ, ಒಂದು ಕೊಳದ ದಂಡೆಯ ಮೇಲೆ ಒಂದು ಹೊಂಗೆಮರವಿತ್ತು. ಕೊಳ ಎಂದರೆ ತುಂಬ ದೊಡ್ಡದೇನಲ್ಲ, ಹತ್ತಿರದ ಊರಿನವರು ಬಟ್ಟೆ ಒಗೆಯಲು ಬರುವಷ್ಟು. ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಒಗೆಯುವ ಕಲ್ಲಿನ ಹತ್ತಿರ ಬಿದ್ದಿರುತ್ತಿದ್ದ ಚಿಂದಿ, ಗುಂಡಿ, ದಾರಗಳಿಂದಲೇ ಈ ಕತೆ ಹುಟ್ಟಿದ್ದು.

ಆ ಮರದಲ್ಲಿ ಪುಟಕಿ ಎಂಬ ಅಳಿಲು ತನ್ನ ಎರಡು ಮರಿಗಳ ಜೊತೆ ಇತ್ತು. ಮರಿಗಳಿಗೆ ಇನ್ನೂ ಸರಿಯಾಗಿ ಓಡಲು ಬರುತ್ತಿರಲಿಲ್ಲ. ಪುಟಕಿಯ ಕೈ ಮಾತ್ರ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಬಾಟಲಿ ಮುಚ್ಚಳ ಕಂಡರೆ ಗಿಲಕಿ, ಪೊರಕೆಕಡ್ಡಿ ಕಂಡರೆ ಚಾಪೆ. ಬಿಸಾಡಿದ ವಸ್ತುವಿನಿಂದ ಹೊಸದನ್ನು ಮಾಡುವುದು ಒಳ್ಳೆಯ ಗುಣ. ತಪ್ಪು ಅಲ್ಲಿರಲಿಲ್ಲ. ತಪ್ಪು ಎಲ್ಲಿತ್ತು ಎಂದು ಈಗ ಹೇಳುತ್ತೇನೆ.

ಪುಟಕಿಯ ಹತ್ತಿರ ಇದ್ದದ್ದು ಒಂದೇ ಒಂದು ದಾರ. ಹಳೆಯ ಸ್ವೆಟರಿನಿಂದ ಬಿಚ್ಚಿದ, ಉದ್ದನೆಯ, ಕೆಂಪು ಉಣ್ಣೆಯ ದಾರ. ಗಿಲಕಿಗೆ ಅದನ್ನೇ ಪೋಣಿಸುತ್ತಿತ್ತು. ಚಾಪೆ ನೆನಪಾದ ಕೂಡಲೇ ಗಿಲಕಿಯಿಂದ ಎಳೆದು ಚಾಪೆಗೆ ಹಾಕುತ್ತಿತ್ತು. ಗಂಟು ಹಾಕಿದರೆ ಬಿಚ್ಚುವುದು ಕಷ್ಟವಲ್ಲವೇ? ಅದಕ್ಕೇ ಪುಟಕಿ ಎಲ್ಲಿಯೂ ಗಂಟು ಹಾಕುತ್ತಲೇ ಇರಲಿಲ್ಲ.

ಪಕ್ಕದ ಕೊಂಬೆಯಲ್ಲಿ ಸೂಜಿಮಲ್ಲಿ ಎಂಬ ಸಿಂಪಿಗ ಹಕ್ಕಿ ಇತ್ತು. ಎಲೆಗಳನ್ನು ಕೊಕ್ಕಿನಿಂದ ಹೊಲಿದು ಗೂಡು ಕಟ್ಟುವ ಪುಟ್ಟ ಹಕ್ಕಿ ಅದು.

"ಏನೇ ಪುಟಕೀ, ನಿನ್ನೆಯ ಚಾಪೆ ಎಲ್ಲೇ?"

"ಬಿಚ್ಚಿದೆ ಅಕ್ಕಾ. ಇವತ್ತು ಬೇರೆ ಮಾಡ್ತಿದೀನಿ. ಆ ಕೇರಪ್ಪ ನಮ್ಮ ಪೊಟರೆ ನೋಡ್ಬಿಟ್ಟಿದಾನೆ!"

ಕೇರಪ್ಪ ಎಂದರೆ ಕೇರೆಹಾವು. ಮರ ಹತ್ತಿ ಪೊಟರೆಯಲ್ಲಿರುವ ಮರಿಗಳನ್ನು ನುಂಗುವುದು ಅವನ ಅಭ್ಯಾಸ. ಅದಕ್ಕೇ ಪುಟಕಿ ಅಷ್ಟು ಗಾಬರಿಯಾಗಿತ್ತು.

ಪುಟಕಿ ಹರಕು ಅಂಗಿಯ ಒಂದು ತೋಳನ್ನು ತಂದಿತ್ತು. ಅಂಗಿಯ ತೋಳು ಮೊದಲೇ ಚೀಲದ ಹಾಗಿರುತ್ತದೆ. ಕೆಳಗಿನ ಬಾಯಿಯೊಂದನ್ನು ಹೊಲಿದರೆ ಸಾಕು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಪುಟಕಿ ಜಾಲಿಮುಳ್ಳಿನಿಂದ ತೂತು ಮಾಡಿ, ಹಲ್ಲಿನಿಂದ ದಾರ ಎಳೆದು, ಕೆಳಬಾಯಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹೊಲಿಯಿತು. ಆಮೇಲೆ ತೋಳನ್ನು ನೀರಿನ ಮೇಲೆ ಚಾಚಿದ್ದ ತೆಳುವಾದ ರೆಂಬೆಯ ತುದಿಗೆ ಸಿಕ್ಕಿಸಿ, ಮರಿಗಳನ್ನು ಒಳಗೆ ಇಳಿಸಿತು. ಆ ರೆಂಬೆ ಅಳಿಲಿನ ಭಾರ ತಡೆಯುತ್ತದೆ, ಹಾವಿನ ಭಾರ ತಡೆಯುವುದಿಲ್ಲ. ಎಷ್ಟು ಜಾಣ ಯೋಚನೆ ನೋಡಿ!

ಹೊಲಿದು ಉಳಿದ ದಾರ ಮಾತ್ರ ಕೆಳಗೆ, ದಂಡೆಯವರೆಗೂ ಜೋಲುತ್ತಿತ್ತು.

"ಶುರುವಿನಲ್ಲೊಂದು ಗಂಟು, ಕೊನೆಯಲ್ಲೊಂದು ಗಂಟು ಹಾಕಮ್ಮಾ. ಮಿಕ್ಕ ದಾರ ಕತ್ತರಿಸು," ಎಂದಿತು ಸೂಜಿಮಲ್ಲಿ.

"ಕತ್ತರಿಸೋದಾ! ಒಳ್ಳೇ ಮಾತು ಹೇಳ್ತೀಯಾ! ನಾಳೆ ಬೇರೆ ಕೆಲಸಕ್ಕೆ ದಾರ ನೀನು ಕೊಡ್ತೀಯಾ?"

"ನಾಳೆಯದು ನಾಳೆಗೆ ಕಣೇ. ಇದರೊಳಗೆ ಇರೋದು ಗೋಲಿಗುಂಡಲ್ಲ, ನಿನ್ನ ಮಕ್ಕಳು."

"ಆಯ್ತು ಆಯ್ತು, ಆಮೇಲೆ ಹಾಕ್ತೀನಿ."

ಕೆಳಗೆ ಹುಲ್ಲಿನಲ್ಲಿ ಅಡಗಿದ್ದ ಕೇರಪ್ಪ ಈ ಮಾತನ್ನೆಲ್ಲ ಕೇಳಿಸಿಕೊಂಡ. ಅವನಿಗೆ ಎರಡು ವಿಷಯ ತಿಳಿಯಿತು. ದಾರಕ್ಕೆ ಗಂಟಿಲ್ಲ, ಪುಟಕಿಗೆ ನಿಲ್ಲುವ ಕಾಲಿಲ್ಲ. ಸೂಜಿಮಲ್ಲಿ ತನ್ನ ಗೂಡಿಗೆ ಹೋಗುವವರೆಗೆ ಕಾದು, ಕಪ್ಪೆಯ ಹಾಗೆ ದನಿ ಮಾಡಿದ.

"ವಟರ್! ಪುಟಕಮ್ಮಾ, ತೆಂಗಿನಮರದ ಕೆಳಗೆ ಚಂದದ ಕರಟ ಬಿದ್ದಿದೆ. ಉಯ್ಯಾಲೆ ಮಾಡಿದರೆ ಎಷ್ಟು ಚೆನ್ನ! ವಟರ್!"

ಕರಟ! ಉಯ್ಯಾಲೆ! ಮಾತಾಡಿದವರು ಯಾರು ಎಂದೂ ಪುಟಕಿ ನೋಡಲಿಲ್ಲ. ಬಾಲ ಎತ್ತಿಕೊಂಡು ತೆಂಗಿನಮರದ ಕಡೆಗೆ ಓಡಿಯೇಬಿಟ್ಟಿತು.

ಕೇರಪ್ಪ ದಾರದ ತುದಿಯನ್ನು ಬಾಯಲ್ಲಿ ಕಚ್ಚಿ, ನೀರಿನ ಅಂಚಿನಲ್ಲೇ ಮೆಲ್ಲಗೆ ಹಿಂದೆ ಸರಿದ. ಸರ್... ಒಂದು ಹೊಲಿಗೆ ಬಿಚ್ಚಿತು. ಸರ್... ಇನ್ನೊಂದು. ಗಂಟಿಲ್ಲದ ದಾರಕ್ಕೆ ಅಡ್ಡ ಬರುವವರು ಯಾರು? ತೋಳಿನ ಕೆಳಗೆ ಸಣ್ಣ ತೂತಾಯಿತು. ತೂತಿನಿಂದ ಒಂದು ಗುಲಾಬಿ ಬಣ್ಣದ ಪುಟ್ಟ ಕಾಲು ಹೊರಗೆ ಬಂತು.

"ಅಮ್ಮಾ!" ಎಂದು ಮರಿಗಳು ಕಿರುಚಿದವು. ಸದ್ದಿಗೆ ಸೂಜಿಮಲ್ಲಿ ಗೂಡಿನಿಂದ ಹೊರಗೆ ಬಂದು ನೋಡಿತು. "ದಾರ! ಪುಟಕೀ, ನಿನ್ನ ದಾರ!" ಎಂದು ಕೂಗಿಕೊಂಡಿತು.

ದಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪುಟಕಿ ಕರಟವನ್ನು ಅಲ್ಲೇ ಬಿಟ್ಟು, "ಯಾರೋ ಅದು ನನ್ನ ದಾರ ಕದಿಯೋನು?" ಎಂದು ಬೈಯುತ್ತ ಓಡಿಬಂತು. ನಿಜ ಹೇಳಬೇಕೆಂದರೆ ಅದು ಬಂದದ್ದು ದಾರಕ್ಕಾಗಿ. ಆದರೆ ರೆಂಬೆಯ ತುದಿಗೆ ಬಂದು ಕೆಳಗೆ ನೋಡಿದಾಗ ಕಂಡದ್ದು ಆ ಗುಲಾಬಿ ಕಾಲು.

ದಾರವನ್ನು ಮೇಲಕ್ಕೆ ಎಳೆಯೋಣವೆಂದರೆ ಕೇರಪ್ಪನಷ್ಟು ಬಲ ಅಳಿಲಿಗೆಲ್ಲಿಂದ? ಸುಮ್ಮನಿದ್ದರೆ ಮರಿಗಳು ನೇರವಾಗಿ ನೀರಿಗೆ, ಅಲ್ಲಿಂದ ಹಾವಿನ ಬಾಯಿಗೆ. ಉಳಿದದ್ದು ಒಂದೇ ದಾರಿ.

ಪುಟಕಿ ತೋಳಿನ ಮೇಲೆ ತಲೆಕೆಳಗಾಗಿ ಇಳಿಯಿತು. ತನ್ನ ಉದ್ದನೆಯ, ಕೆಂಪನೆಯ, ಒಂದೇ ಒಂದು ದಾರವನ್ನು ಬಟ್ಟೆಗೆ ಹತ್ತಿರದಲ್ಲೇ ಹಲ್ಲಿಗೆ ಸಿಕ್ಕಿಸಿಕೊಂಡಿತು. ಕಟ್!

ಜೋರಾಗಿ ಹಿಂದಕ್ಕೆ ಎಳೆಯುತ್ತಿದ್ದ ಕೇರಪ್ಪ ಪಲ್ಟಿ ಹೊಡೆದು ಕೊಳಕ್ಕೆ ಬಿದ್ದ. ದಾರವೆಲ್ಲ ಅವನ ಹಲ್ಲಿಗೂ ಕುತ್ತಿಗೆಗೂ ಸುತ್ತಿಕೊಂಡಿತು.

"ಅಕ್ಕಾ, ಗಂಟು! ಬೇಗ!" ಎಂದು ಪುಟಕಿ ತೂತಿನ ಎರಡು ಅಂಚುಗಳನ್ನು ಅದುಮಿ ಹಿಡಿಯಿತು. ಸೂಜಿಮಲ್ಲಿ ಹಾರಿಬಂದು, ಬಟ್ಟೆಯಲ್ಲಿ ಉಳಿದಿದ್ದ ಗೇಣುದ್ದದ ದಾರದಿಂದಲೇ ತೂತನ್ನು ಮುಚ್ಚಿ, ಈ ತುದಿಗೊಂದು, ಆ ತುದಿಗೊಂದು ಗಂಟು ಬಿಗಿಯಿತು. ಅಷ್ಟು ದಾರ ಸಾಕೇ ಸಾಕಾಯಿತು.

"ಅಷ್ಟುದ್ದ ದಾರ ಹೋಯ್ತಲ್ಲೇ, ಹೊಟ್ಟೆ ಉರೀತಿದೆಯಾ?" ಎಂದು ಸೂಜಿಮಲ್ಲಿ ಕೆಣಕಿತು.

ಪುಟಕಿ ಮರಿಯ ಕಾಲನ್ನು ನೆಕ್ಕುತ್ತ, "ಹೋದರೆ ಹೋಗಲಿ ಅಕ್ಕಾ. ಗಂಟು ಬಿಗಿಯಾಗಿದೆಯಾ? ಇನ್ನೊಂದು ಸಲ ನೋಡು," ಎಂದಿತು.

ಕೇರಪ್ಪ ಕೆಂಪು ದಾರ ಸುತ್ತಿಕೊಂಡೇ ದಡ ಹತ್ತಿದ. ಕೊಳದ ಕಪ್ಪೆಗಳು ಬಿಟ್ಟಾವೆಯೇ? "ಏನು ಕೇರಪ್ಪನವರೇ, ಹೊಲಿಗೆ ಕಲೀತಿದೀರಾ?" ಎಂದು ಕೇಳಿದವು. ಬಾಯಿ ಬಿಡಲಾಗದೆ ಅವನು ಪೊದೆಯೊಳಗೆ ನುಸುಳಿದ.

ತೆಂಗಿನಮರದ ಕೆಳಗೆ ಆ ಕರಟ ಈಗಲೂ ಇದೆ. ಪುಟಕಿ ಅದನ್ನು ನೋಡಿದಾಗಲೆಲ್ಲ ಅದರ ಕೈ ತುರಿಸುತ್ತದೆ. ಆದರೂ ಮೊದಲು ತೋಳಿನ ಹತ್ತಿರ ಹೋಗಿ, ಎರಡು ಗಂಟುಗಳನ್ನೂ ಮುಟ್ಟಿ ನೋಡಿ, ಆಮೇಲೆಯೇ ಬೇರೆ ಕೆಲಸದ ಯೋಚನೆ ಮಾಡುತ್ತದೆ.

ನೀತಿ: ದಾರ ಉಳಿಸುವುದಷ್ಟೇ ಉಳಿತಾಯವಲ್ಲ, ಮಾಡಿದ ಕೆಲಸ ಉಳಿಯುವಂತೆ ಮಾಡುವುದು ನಿಜವಾದ ಉಳಿತಾಯ, ಹಿಡಿದ ಕೆಲಸಕ್ಕೆ ಕೊನೆಯ ಗಂಟು ಹಾಕಿದ ಮೇಲೆಯೇ ಮುಂದಿನದಕ್ಕೆ ಏಳಬೇಕು.