ಎರಡು ನಿಮಿಷ

ಮಠದ ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧೀ, ನಮ್ಮ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಬೇಕಾದ ಕಾವಲೆಲ್ಲ ಹಾಕಿಸಿದ್ದೇನೆ. ಯಾರು ಎಡವಿದರೂ ಕೆಲಸದಿಂದ ತೆಗೆಯುವುದಾಗಿ ಹೇಳಿಟ್ಟಿದ್ದೇನೆ. ಇನ್ನೇನಾದರೂ ಉಳಿದಿದೆಯೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಔಷಧ ವ್ಯಾಪಾರಿ ಇದ್ದ. ಸುತ್ತಲಿನ ಊರುಗಳ ಆಸ್ಪತ್ರೆಗಳಿಗೆಲ್ಲ ಅವನಲ್ಲಿಂದಲೇ ಮದ್ದು ಹೋಗಬೇಕು. ಆಸ್ಪತ್ರೆಗಳ ಬೇಡಿಕೆಯನ್ನು ಬರೆದುಕೊಳ್ಳುವ ಕೆಲಸ ವಿಶಾಲಾಕ್ಷಿ ಎಂಬ ಹೆಂಗಸಿನದು. ಒಂದು ಬೆಳಿಗ್ಗೆ ಆಕೆಯ ಕಂಪ್ಯೂಟರಿಗೆ ಪರಿಚಯದ ಆಸ್ಪತ್ರೆಯೊಂದರ ಹೆಸರಿನಲ್ಲಿ ಇಮೇಲ್ ಬಂತು. 'ತುರ್ತು' ಎಂದಿತ್ತು. ಆಕೆ ತೆರೆದಳು. ಕಣ್ಣೆದುರಿಗೇ ಕಡತಗಳ ಹೆಸರುಗಳು ಒಂದೊಂದಾಗಿ ಬದಲಾಗತೊಡಗಿದವು.

ಅದು ಕಳ್ಳರು ಕಳಿಸಿದ್ದೆಂದು ವಿಶಾಲಾಕ್ಷಿಗೆ ಹೊಳೆಯಿತು. ಯಾರೂ ನೋಡಿರಲಿಲ್ಲ. ಯಂತ್ರ ಆರಿಸಿ, ಕೆಟ್ಟುಹೋಗಿದೆ ಎಂದು ಸುಮ್ಮನಿದ್ದುಬಿಡಬಹುದಿತ್ತು. ಯಜಮಾನನ ಸಿಟ್ಟು ಆಕೆ ಕಂಡದ್ದೇ. ಆದರೆ ಅಂದು ಇನ್ಸುಲಿನ್‌ಗಾಗಿ ಕಾದಿದ್ದ ಆಸ್ಪತ್ರೆಗಳು ಹನ್ನೊಂದು. ಆಕೆ ಎದ್ದು, ಕಂಪ್ಯೂಟರ್ ಜಾಲದ ಉಸ್ತುವಾರಿ ನೋಡುತ್ತಿದ್ದವನ ಕೋಣೆಗೆ ಓಡಿದಳು.

"ಅಣ್ಣಾ, ತೆರೆಯಬಾರದ್ದನ್ನು ತೆರೆದುಬಿಟ್ಟೆ."

ಅವನು ಮರುಮಾತಾಡದೆ ಬಂದು ಆಕೆಯ ಕಂಪ್ಯೂಟರಿನ ತಂತಿ ಕಿತ್ತ. ಉಳಿದವನ್ನೂ ಒಂದರಿಂದೊಂದು ಬೇರ್ಪಡಿಸಿ ಪರೀಕ್ಷಿಸಿದ. ಕೆಟ್ಟದ್ದು ಒಂದೇ. ಬೇರೆಡೆ ತೆಗೆದಿರಿಸಿದ್ದ ಪ್ರತಿಯಿಂದ ಬೇಡಿಕೆಗಳ ಪಟ್ಟಿ ಮರಳಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಮದ್ದಿನ ಪೆಟ್ಟಿಗೆಗಳು ವ್ಯಾನು ಹತ್ತಿದವು.

ಸುದ್ದಿ ತಿಳಿದ ವ್ಯಾಪಾರಿ ಕೆಂಡವಾಗಿ ಬಂದ. "ಕಳ್ಳನಿಗೆ ಕದ ತೆರೆದವಳು ಇವಳೇ ಅಲ್ಲವೇ? ನಾಳೆಯಿಂದ ಬರುವುದು ಬೇಡ."

ವಿಶಾಲಾಕ್ಷಿ ತಲೆ ತಗ್ಗಿಸಿ ಚೀಲ ಎತ್ತಿಕೊಂಡಳು.

ಉಸ್ತುವಾರಿಯವನು ಅಡ್ಡ ಬಂದ. "ಯಜಮಾನರೇ, ಹೋದ ತಿಂಗಳು ಇಂಥದೇ ಒಂದನ್ನು ನಾನೇ ತೆರೆಯುವುದರಲ್ಲಿದ್ದೆ. ಇದು ಯಾರಿಗೂ ತಪ್ಪಿದ್ದಲ್ಲ. ಇವರು ಎರಡೇ ನಿಮಿಷದಲ್ಲಿ ಬಂದು ಹೇಳಿದರು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ನಮ್ಮ ನಲವತ್ತು ಯಂತ್ರಗಳೂ ಹೋಗುತ್ತಿದ್ದವು, ಆಸ್ಪತ್ರೆಗಳಿಗೆ ಮದ್ದೂ ಹೋಗುತ್ತಿರಲಿಲ್ಲ. ಇವರನ್ನು ಕಳಿಸಿದರೆ ಮುಂದಿನವರು ಹೇಳುವುದಿಲ್ಲ."

ವ್ಯಾಪಾರಿ ಎಲ್ಲ ಕೆಲಸಗಾರರನ್ನೂ ಕರೆಸಿದ. ಅವರೆದುರಿಗೆ ವಿಶಾಲಾಕ್ಷಿಗೆ ಕೈಮುಗಿದು, "ತಾಯೀ, ನನ್ನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಂದು ಎಷ್ಟೋ ರೋಗಿಗಳ ಪ್ರಾಣ ಉಳಿಸಿದ್ದೀರಿ" ಎಂದ. ಆಕೆಗೆ ಅಳು ತಡೆಯಲಾಗಲಿಲ್ಲ. ಬೈಗುಳಕ್ಕೆ ಗಟ್ಟಿಮಾಡಿಕೊಂಡಿದ್ದ ಮನಸ್ಸು ಆ ಮಾತಿಗೆ ಕರಗಿಹೋಯಿತು.

ಆ ವಾರದಲ್ಲಿ ಇನ್ನೂ ಮೂವರು ತಾವಾಗಿಯೇ ಬಂದರು. ಒಬ್ಬ ಮನೆಯ ಪೆನ್‌ಡ್ರೈವನ್ನು ಕಚೇರಿಯ ಯಂತ್ರಕ್ಕೆ ಹಾಕಿದ್ದ. ಒಬ್ಬಳು ಫೋನಿನಲ್ಲಿ ಕೇಳಿದವನಿಗೆ ಪಾಸ್‌ವರ್ಡ್ ಹೇಳಿದ್ದಳು. ಇನ್ನೊಬ್ಬನ ಮೊಬೈಲು ಬಸ್ಸಿನಲ್ಲಿ ಕಳೆದಿತ್ತು, ಕಚೇರಿಯ ಪತ್ರಗಳೆಲ್ಲ ಅದರಲ್ಲಿದ್ದವು. ವ್ಯಾಪಾರಿ ಒಬ್ಬೊಬ್ಬರಿಗೂ "ಹೇಳಿದಿರಲ್ಲ, ಉಪಕಾರವಾಯಿತು" ಎಂದ. ಉಸ್ತುವಾರಿಯವನು ಮೂರೂ ಕಂಡಿಗಳನ್ನು ಮುಚ್ಚಿದ.

ಕತೆ ಮುಗಿಯಿತು. ಶಿಷ್ಯ ಹೇಳಿದ: "ಪುಣ್ಯವಂತ ವ್ಯಾಪಾರಿ. ನಮ್ಮಲ್ಲಿ ಅಂಥ ತಪ್ಪುಗಳೇ ಇಲ್ಲ ಬುದ್ಧೀ. ಈ ಎರಡು ವರ್ಷದಲ್ಲಿ ಒಬ್ಬರೂ ಬಂದು ಒಂದು ತಪ್ಪು ಹೇಳಿದ್ದಿಲ್ಲ."

ಗುರುಗಳು ಅವನನ್ನು ನೋಡಿ ಕೇಳಿದರು: "ತಪ್ಪು ಇಲ್ಲವೋ, ನಿನಗೆ ಹೇಳುವವರಿಲ್ಲವೋ?"