ಮರಳಡಿಯ ಮರ್ಯಾದಸ್ಥ

ಕಡಲ ತಳದಲ್ಲೊಂದು ನಂಗು ಮೀನಿತ್ತು. ಮರಳಿನೊಳಗೆ ಹೂತುಕೊಂಡು, ಕಣ್ಣೆರಡನ್ನೇ ಹೊರಗಿಟ್ಟು ಮಲಗುವುದು ಅದರ ಕುಲದ ಪದ್ಧತಿ. ಈ ಮಹಾಶಯ ಅದನ್ನೇ ಜಾಣತನ ಎಂದುಕೊಂಡಿದ್ದ.

ಒಂದು ದಿನ ಶಾರ್ಕ್ ಬಂದು ಬೂತಾಯಿ ಮೀನುಗಳ ಹಿಂಡಿನ ಮೇಲೆ ಬಿತ್ತು. ಒಂದು ಬೂತಾಯಿ ಕೆಳಗೆ ಧಾವಿಸಿ ಬಂದು, “ನಂಗಣ್ಣ, ಸ್ವಲ್ಪ ಮರಳು ಎಬ್ಬಿಸು. ನೀರು ಕದಡಿದರೆ ನಾವು ತಪ್ಪಿಸಿಕೊಳ್ಳುತ್ತೇವೆ,” ಎಂದು ಬೇಡಿಕೊಂಡಿತು.

“ನನಗೂ ಶಾರ್ಕಿಗೂ ಯಾವ ಜಗಳವೂ ಇಲ್ಲ. ಗದ್ದಲ ಮಾಡುವವರನ್ನು ಅದು ಹಿಡಿಯುತ್ತದೆ. ಮರ್ಯಾದಸ್ಥರು ಸುಮ್ಮನಿರಬೇಕು,” ಎಂದಿತು ನಂಗು.

ಶಾರ್ಕ್ ಬಾಯಿಗೆ ಸಿಕ್ಕಷ್ಟು ಬೂತಾಯಿಗಳನ್ನು ನುಂಗಿತು. ಉಳಿದವು ದಿಕ್ಕಾಪಾಲಾಗಿ ಓಡಿಹೋದವು. ಆಮೇಲೆ ಅದು ನಿಧಾನವಾಗಿ ಕೆಳಗಿಳಿದು, ಮರಳಿನ ಮೇಲೆ ಮೂತಿ ಆಡಿಸುತ್ತ ಬಂದು, ಸರಿಯಾಗಿ ನಂಗುವಿನ ನೆತ್ತಿಯ ಮೇಲೆ ನಿಂತಿತು.

ನಂಗು ಮರಳಿನೊಳಗಿಂದಲೇ, “ನಾನು ಅಲುಗಾಡಲೇ ಇಲ್ಲವಲ್ಲ, ಸ್ವಾಮಿ. ಹೇಗೆ ತಿಳಿಯಿತು?” ಎಂದಿತು.

“ಎಷ್ಟೇ ಹೂತುಕೊಂಡರೂ ನಿನ್ನ ಎದೆ ಬಡಿದುಕೊಳ್ಳುವುದು ನನ್ನ ಮೂತಿಗೆ ತಿಳಿಯುತ್ತದೆ.”

“ನಿಮ್ಮ ವಿರುದ್ಧ ನಾನು ಒಂದು ಮಾತೂ ಆಡಿದವನಲ್ಲ.”

“ಬಲ್ಲೆ,” ಎಂದು ಶಾರ್ಕ್ ಬಾಯಿ ತೆರೆಯಿತು. “ಓಡುವವರನ್ನು ಮೊದಲು ಹಿಡಿಯಬೇಕು. ನಿನ್ನಂಥವರು ಎಲ್ಲಿಗೂ ಹೋಗುವುದಿಲ್ಲ.”