ದುಂಡವ್ವನ ಮಡಿ

"ತಾಯಿ, ನಾನು ಹೇಳಿಕೊಟ್ಟದ್ದೇ ತಪ್ಪಾಗಿ ಯಾರದಾದರೂ ಬೆಳೆ ಕೆಟ್ಟರೆ, ಜನರ ನಂಬಿಕೆ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಬೆಳಗಾದರೆ ಅವಳು ಮೊದಲ ಸಲ ಒಬ್ಬಳೇ ಹಳ್ಳಿಗೆ ಹೊರಡುವವಳಿದ್ದಳು. ಊರೂರಿಗೆ ಹೋಗಿ ರೈತ ಹೆಣ್ಣುಮಕ್ಕಳನ್ನು ಕೂಡಿಸಿ, ಬೀಜದ ವಿಷಯ, ಗೊಬ್ಬರದ ವಿಷಯ ತಿಳಿಸಿ ಬರುವ ಸ್ವಯಂಸೇವಕಿಯರ ತಂಡ ಅವಳದು. ಅದನ್ನು ಕಟ್ಟಿದ ಗುರುತಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ನಿನ್ನಂತೆಯೇ ಒಬ್ಬ ಸ್ವಯಂಸೇವಕಿ ಇದ್ದಳು. ಭಾಗೀರಥಿ ಎಂದು ಹೆಸರು. ಮುಂಗಾರಿಗೆ ಮೊದಲು ಅವಳು ಭತ್ತ ಬೆಳೆಯುವ ಒಂದು ಊರಿಗೆ ಹೋದಳು. ಹೆಂಗಸರು ಸಮಾಜ ಮಂದಿರದಲ್ಲಿ ಸೇರಿದರು. ಬಿತ್ತುವ ಬೀಜವನ್ನು ಉಪ್ಪುನೀರಿನಲ್ಲಿ ಆರಿಸುವುದನ್ನು ಭಾಗೀರಥಿ ಮಾಡಿ ತೋರಿಸಿದಳು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಬೇಕು. ಬೀಜ ಸುರಿಯಬೇಕು. ಜೊಳ್ಳು ಮೇಲೆ ಬರುತ್ತದೆ, ಅದನ್ನು ತೆಗೆದು ಹಾಕಬೇಕು. ಗಟ್ಟಿ ಕಾಳು ತಳದಲ್ಲಿ ನಿಲ್ಲುತ್ತದೆ, ಅದನ್ನು ಬಿತ್ತಬೇಕು. ಹೆಂಗಸರು ಮೊಟ್ಟೆ ತೇಲುವುದನ್ನು ನೋಡಿ ನಕ್ಕರು, ತಾವೂ ಕೈಯಾಡಿಸಿದರು. ಅಷ್ಟರಲ್ಲಿ ಬಸ್ಸು ಬಂತೆಂದು ಯಾರೋ ಕೂಗಿದರು. ಅದು ತಪ್ಪಿದರೆ ಆ ದಿನ ಬೇರೆ ಬಸ್ಸಿಲ್ಲ. ಭಾಗೀರಥಿ ಗಡಿಬಿಡಿಯಲ್ಲಿ ಎದ್ದು ಹೊರಟಳು. ಒಂದು ಮಾತು ಬಾಯಲ್ಲೇ ಉಳಿಯಿತು. ತಳದ ಕಾಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು; ಇಲ್ಲವಾದರೆ ಉಪ್ಪು ಮೊಳಕೆಯನ್ನು ಕೊಲ್ಲುತ್ತದೆ. ಇದನ್ನು ಅವಳು ಹೇಳಲಿಲ್ಲ. ಹೇಳಲಿಲ್ಲ ಎಂಬುದು ಅವಳಿಗೆ ಹೊಳೆಯಲೂ ಇಲ್ಲ.

ಆ ಊರಿನ ಹೆಂಗಸರಲ್ಲಿ ಹೆಚ್ಚಿನವರು ನೋಡಿದ್ದನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದರು. ದುಂಡವ್ವ ಎಂಬ ಸೊಸೆ ಮಾತ್ರ ಬಿಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಆ ಹೊಲದಲ್ಲಿ ದುಡಿದಿದ್ದಳು. ಆದರೆ ಏನು ಬಿತ್ತಬೇಕು, ಹೇಗೆ ಬಿತ್ತಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಬಾಯಿ ಬಿಟ್ಟಿರಲಿಲ್ಲ. ಆ ದಿನ ಊಟಕ್ಕೆ ಬಡಿಸುತ್ತ ಅವಳು ಗಂಡನಿಗೂ ಅತ್ತೆಗೂ ಹೇಳಿದಳು: "ಹೊಲದ ಕೆಳಗಿನ ಮಡಿ ಒಂದನ್ನು ಈ ವರ್ಷ ನನಗೆ ಬಿಡಿ. ನಾನು ಕಲಿತ ಹಾಗೆ ಬಿತ್ತುತ್ತೇನೆ."

ಗಂಡ ತಾಯಿಯ ಮುಖ ನೋಡಿದ. ಅತ್ತೆ ಗೌರವ್ವ ಗಟ್ಟಿ ಹೆಂಗಸು. "ಆಗಲಿ, ನೋಡೋಣ" ಎಂದಳು.

ದುಂಡವ್ವ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದಳು. ಮಳೆ ಬಂತು. ಸುತ್ತಲಿನ ಮಡಿಗಳೆಲ್ಲ ಹಸುರಾದವು. ದುಂಡವ್ವನ ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಗರಿ ಎದ್ದಿತು, ಉಳಿದದ್ದು ಬರಿ ಮಣ್ಣು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗತೊಡಗಿದರು. ಗೌರವ್ವ, "ಇನ್ನು ಹೊಲದ ಮಾತು ನಿನಗೆ ಬೇಡ" ಎಂದಳು. ಅಂದಿನಿಂದ ಆ ಮನೆಯಲ್ಲಿ ದುಂಡವ್ವನ ದನಿ ಕೇಳಲಿಲ್ಲ.

ಈ ಸುದ್ದಿ ತಂಡದ ಗೆಳತಿಯೊಬ್ಬಳಿಂದ ಭಾಗೀರಥಿಗೆ ತಿಳಿಯಿತು. ಆ ದಿನ ತಾನು ಹೇಳಿದ ಒಂದೊಂದು ಮಾತನ್ನೂ ನೆನಪಿಗೆ ತಂದುಕೊಂಡಳು. ಬಸ್ಸು ಬಂತೆಂಬ ಕೂಗಿನ ತನಕ ಬಂದು ನಿಂತಳು.

"ತೊಳೆಯಲು ಹೇಳಲೇ ಇಲ್ಲ" ಎಂದಳು.

ಗೆಳತಿಯರು ಅವಳನ್ನು ಸುತ್ತುವರಿದು ಕೂತರು. ಅವಳ ಮೇಲಿನ ಪ್ರೀತಿಯಿಂದಲೇ ಬುದ್ಧಿ ಹೇಳಿದರು. "ಈಗ ಅಲ್ಲಿಗೆ ಹೋಗಬೇಡ. ಒಂದೂರಿನಲ್ಲಿ ಹೆಸರು ಕೆಟ್ಟರೆ ಹತ್ತೂರಿಗೆ ಹಬ್ಬುತ್ತದೆ. ಬೀಜ ಹಳೆಯದಿತ್ತೇನೋ ಎಂದುಕೊಂಡು ಅವರೇ ಮರೆಯುತ್ತಾರೆ."

ಆ ಮಾತು ಭಾಗೀರಥಿಗೂ ಹಿತವಾಗಿಯೇ ಕೇಳಿಸಿತು. ಎರಡು ದಿನ ಸುಮ್ಮನಿದ್ದಳು. ಅನ್ನ ಕಲಸಿದರೆ ಸೇರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದಳು.

ಅವಳು ಹೋದಾಗ ಗೌರವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಕಟ್ಟೆಯ ಮೇಲೆ ಮಗನೂ ಅವನ ಜೊತೆ ನೆರೆಮನೆಯವರಿಬ್ಬರೂ ಕೂತಿದ್ದರು. ದುಂಡವ್ವ ನೀರಿನ ಕೊಡ ಹೊತ್ತು ಬಂದವಳು ಭಾಗೀರಥಿಯನ್ನು ಕಂಡು ನಿಂತಳು. ಕೊಡ ಇಳಿಸಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಬೇಜಾರು ಮಾಡಿಕೊಳ್ಳಬೇಡಿ ಅಕ್ಕೋರೆ. ನೀವು ಸರಿಯಾಗಿಯೇ ಹೇಳಿದ್ದಿರಿ. ನಾನೇ ಎಲ್ಲೋ ಏನೋ ಮರೆತೆ."

ಭಾಗೀರಥಿಗೆ ಬೈಗುಳ ಕೇಳಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ದುಂಡವ್ವನ ಕೈ ಹಿಡಿದು ಅಂಗಳದ ನಡುವೆ ಕರೆತಂದಳು. ಕಟ್ಟೆಯ ಮೇಲಿನವರಿಗೂ ಕೇಳುವಂತೆ ಹೇಳಿದಳು: "ಇವಳು ಏನನ್ನೂ ಮರೆತಿಲ್ಲ. ನಾನು ಹೇಳಿದ್ದನ್ನು ಒಂದೂ ಬಿಡದೆ ಮಾಡಿದ್ದಾಳೆ. ಉಪ್ಪು ಹೋಗುವಂತೆ ಬೀಜ ತೊಳೆಯಬೇಕೆಂದು ನಾನು ಹೇಳಲಿಲ್ಲ. ಬಸ್ಸಿನ ಅವಸರದಲ್ಲಿ ಬಿಟ್ಟೆ. ಮಡಿ ಕೆಟ್ಟದ್ದು ನನ್ನಿಂದ, ಇವಳಿಂದಲ್ಲ."

ಗೌರವ್ವ ಮೊರ ಕೆಳಗಿಟ್ಟಳು.

"ಇದನ್ನು ಹೇಳಲಿಕ್ಕೆ ಅಷ್ಟು ದೂರದಿಂದ ಬಂದೆಯಾ?"

"ಹೌದಮ್ಮ."

"ಬಿಸಿಲಿನಲ್ಲಿ ನಿಲ್ಲಬೇಡ. ಒಳಗೆ ಬಾ."

ಒಳಗೆ ಕರೆದು ಕೂರಿಸಿದ ಮೇಲೆ ಗೌರವ್ವ ಬೈದಳು. ಒಳ್ಳೆಯ ಬೀಜ ಹಾಳು ಮಾಡಿದೆ ಎಂದು ಬೈದು ಒಂದು ರೊಟ್ಟಿ ಬಡಿಸಿದಳು. ಕಲಿಸುವವಳಿಗೆ ಅಷ್ಟು ಗಡಿಬಿಡಿ ಯಾಕೆ ಎಂದು ಬೈದು ಇನ್ನೊಂದು ಬಡಿಸಿದಳು. ನನ್ನ ಸೊಸೆಯನ್ನು ಊರ ಮುಂದೆ ನಗೆಗೀಡು ಮಾಡಿದೆಯಲ್ಲ ಎನ್ನುವಾಗ ಅವಳ ದನಿ ಇಳಿಯಿತು. ಅವಳು ಭಾಗೀರಥಿಯನ್ನು ಬಿಟ್ಟು ದುಂಡವ್ವನ ಕಡೆ ತಿರುಗಿದಳು. "ನಾನೂ ನಗುವವರ ಜೊತೆ ಸೇರಿಕೊಂಡೆ" ಎಂದು, ಬೆಣ್ಣೆಯ ಗಡಿಗೆಯನ್ನು ಸೊಸೆಯ ಮುಂದೆ ಸರಿಸಿದಳು. ದುಂಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅನಂತರ ಮೂವರೂ ಹೊಲಕ್ಕೆ ಹೋದರು. ಮತ್ತೆ ಬಿತ್ತುವ ಹದ ಕಳೆದುಹೋಗಿತ್ತು. ಪಕ್ಕದ ಮಡಿಗಳಲ್ಲಿ ಪೈರು ಕೆಲವು ಕಡೆ ಒತ್ತಾಗಿ ಎದ್ದಿತ್ತು. ಅದನ್ನು ಕಿತ್ತು ಇಲ್ಲಿ ನೆಡಬಹುದು ಎಂದು ಭಾಗೀರಥಿ ಹೇಳಿದಳು. ಆದರೆ ಚೆನ್ನಾಗಿ ಬೆಳೆದ ಪೈರಿಗೆ ಕೈ ಹಾಕಬೇಕಾದರೆ ಮನೆಯವರ ಒಪ್ಪಿಗೆ ಬೇಕು. ದುಂಡವ್ವ ಅತ್ತೆಯ ಕಡೆ ನೋಡಿದಳು.

"ನನ್ನನ್ನು ಯಾಕೆ ಕೇಳುತ್ತೀ? ಈ ಮಡಿ ನಿನಗೆ ಬಿಟ್ಟದ್ದು. ಎಲ್ಲಿಂದ ಕೀಳಬೇಕು ಹೇಳು" ಎಂದಳು ಗೌರವ್ವ.

ದುಂಡವ್ವ ಬೆರಳು ಮಾಡಿ ತೋರಿಸಿದಳು. ಗೌರವ್ವ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು. ಸ್ವಲ್ಪ ಹೊತ್ತಿಗೆ ಮಗನೂ ಬಂದು ಸೇರಿದ. ಹೊತ್ತು ಇಳಿಯುವಷ್ಟರಲ್ಲಿ ಅರ್ಧ ಮಡಿ ತುಂಬಿತು. ಭಾಗೀರಥಿಯ ಬಸ್ಸು ಎಂದೋ ಹೋಗಿತ್ತು. ಅವಳು ಅಲ್ಲಿಯೇ ಉಳಿದು ಮರುದಿನ ಉಳಿದರ್ಧವನ್ನೂ ಅವರೊಡನೆ ನೆಟ್ಟು ಹೋದಳು.

ಸುಗ್ಗಿಯಲ್ಲಿ ಆ ಮಡಿ ಬೇರೆ ಮಡಿಗಳಷ್ಟು ಕೊಡಲಿಲ್ಲ. ಆದರೆ ಮುಂದಿನ ಮುಂಗಾರಿನ ಹೊತ್ತಿಗೆ ಆ ಊರಿನ ಹೆಂಗಸರು ದುಂಡವ್ವನ ಅಂಗಳದಲ್ಲಿ ಸೇರಿದರು. ಉಪ್ಪು ಕರಗಿಸುವುದನ್ನೂ ಕಾಳು ತೊಳೆಯುವುದನ್ನೂ ಅವಳೇ ತೋರಿಸಿದಳು. ಭಾಗೀರಥಿ ಹಿಂದೆ ಗೌರವ್ವನ ಪಕ್ಕದಲ್ಲಿ ಕೂತು ನೋಡಿದಳು.

ಗುರುತಾಯಿ ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯೆಯ ಮುಖ ಅರಳಿತು.

"ತಿಳಿಯಿತು ತಾಯಿ. ತಪ್ಪನ್ನು ಒಪ್ಪಿಕೊಂಡರೆ ಜನ ನಮ್ಮನ್ನು ಇನ್ನೂ ಹೆಚ್ಚು ನಂಬುತ್ತಾರೆ."

"ಜನ ತನ್ನನ್ನು ನಂಬಲಿ ಎಂದು ಭಾಗೀರಥಿ ಬಸ್ಸು ಹತ್ತಲಿಲ್ಲ ಮಗಳೇ, ಆ ಮನೆಯಲ್ಲಿ ದುಂಡವ್ವನನ್ನು ನಂಬಲಿ ಎಂದು ಹತ್ತಿದಳು" ಎಂದರು ಗುರುತಾಯಿ.